ತರಗತಿಯಲ್ಲಿ ಅಚ್ಚಾದ ಪತ್ರಿಕೆ

ವೃತ್ತಪತ್ರಿಕೆಯೆಂಬುದು ಪಾಠಶಾಲೆಗೆ ಹೊರಗಿನ ವಸ್ತುವೆಂದೇ ನಾನು ಬಹುಕಾಲ ತಿಳಿದಿದ್ದೆನು. ನಮ್ಮೂರಿನಲ್ಲಿ ಅದನ್ನು ಕಂಡದ್ದು ಕಾಫಿ ಹೋಟೆಲಿನಲ್ಲಿ. ಶಾಲೆಯಲ್ಲಾದರೋ ಪುಸ್ತಕಗಳಿಗೆ ಹಾಕಿದ ಹೊದಿಕೆಯಾಗಿ ಮಾತ್ರ. ಊರಿನ ಸುದ್ದಿಯನ್ನು ತರಗತಿಯೊಳಕ್ಕೆ ಕರೆತಂದ ಒಬ್ಬ ಹಳ್ಳಿಯ ಉಪಾಧ್ಯಾಯರ ಚರಿತ್ರೆಯನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅವರೇ ಫ್ರಾನ್ಸ್ ದೇಶದ ಸೆಲೆಸ್ತಿನ್ ಫ್ರೆನೆ.

ಫ್ರೆನೆಯವರು 1896ರ ಅಕ್ಟೋಬರ್ 15ರಂದು ದಕ್ಷಿಣ ಫ್ರಾನ್ಸಿನ ಗಾರ್ ಎಂಬ ಬೆಟ್ಟದ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಉಪಾಧ್ಯಾಯರಾಗಲು ತರಬೇತಿ ಪಡೆಯುತ್ತಿರುವಾಗಲೇ ಮೊದಲನೆಯ ಮಹಾಯುದ್ಧ ಬಂದಿತು. 1917ರಲ್ಲಿ ರಣರಂಗದಲ್ಲಿ ಅವರ ಶ್ವಾಸಕೋಶಕ್ಕೆ ಭಾರಿ ಗಾಯವಾಯಿತು. 1920ರಲ್ಲಿ ಬಾರ್-ಸ್ಯೂರ್-ಲೂ ಎಂಬ ಗ್ರಾಮದ ಶಾಲೆಗೆ ಬಂದಾಗ ಹೆಚ್ಚು ಹೊತ್ತು ಮಾತನಾಡಿದರೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಬೇರೊಬ್ಬರಾಗಿದ್ದರೆ ಕೆಲಸವನ್ನೇ ಬಿಡುತ್ತಿದ್ದರೇನೋ! ಫ್ರೆನೆಯವರು ತಾವು ಮಾತನಾಡುವುದನ್ನು ಕಡಿಮೆ ಮಾಡಿ, ಮಕ್ಕಳಿಗೆ ಮಾತನಾಡಲು ಬಿಟ್ಟರು.

ಮಕ್ಕಳನ್ನು ಹೊಲಗಳಿಗೂ, ಕಮ್ಮಾರ, ಬಡಗಿ, ನೇಕಾರರ ಬಳಿಗೂ ಕರೆದೊಯ್ದರು. ಹಿಂದಿರುಗಿ ಬಂದು, ಕಂಡದ್ದನ್ನು ಕಪ್ಪುಹಲಗೆಯ ಮೇಲೆ ಬರೆದರು. ಒಂದು ದಿನ ಹುಡುಗರು ಬಸವನಹುಳುಗಳನ್ನು ತಂದು ಓಟದ ಪಂದ್ಯ ನಡೆಸಿದರಂತೆ. ಅದೇ ಅಂದಿನ ಪಾಠವಾಯಿತು. ಹಲಗೆಯ ಬರೆಹ ಅಳಿಸಿಹೋಗುವುದಷ್ಟೆ? ಆದುದರಿಂದ 1924ರ ಸುಮಾರಿಗೆ ಕೈಯಿಂದ ನಡೆಸುವ ಚಿಕ್ಕ ಮುದ್ರಣಯಂತ್ರವೊಂದನ್ನು ತಂದರು. ಮಕ್ಕಳು ಬರೆದುದರಲ್ಲಿ ಮೆಚ್ಚಿದುದನ್ನು ತರಗತಿಯೇ ಆರಿಸಿ, ಎಲ್ಲರೂ ಕೂಡಿ ತಿದ್ದಿ, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಮುದ್ರಿಸುತ್ತಿತ್ತು. ಅಕ್ಷರವೊಂದು ತಪ್ಪಿದರೆ ಪುಟವೇ ಕೆಡುವುದರಿಂದ, ಕಾಗುಣಿತದ ಎಚ್ಚರಿಕೆ ಬೆತ್ತವಿಲ್ಲದೆ ಬಂದಿತು. ಈ ಹಾಳೆಗಳು ದೂರದ ಬ್ರಿಟನಿ ಪ್ರಾಂತದ ಕಡಲತೀರದ ತ್ರೆಗಂಕ್ ಶಾಲೆಗೆ ಅಂಚೆಯಲ್ಲಿ ಹೋದವು. ಅಲ್ಲಿಂದ ಸಮುದ್ರದ ಸುದ್ದಿ ಬೆಟ್ಟಕ್ಕೆ ಬಂದಿತು. ಭೂಗೋಳವು ಗೆಳೆಯರ ಕಾಗದವಾಯಿತು.

ಆದರೆ ಸುದ್ದಿಯು ಬಸವನಹುಳುವಿನಷ್ಟಕ್ಕೇ ನಿಲ್ಲುವುದಿಲ್ಲ. 1928ರಲ್ಲಿ ಅವರು ಸಾನ್-ಪೋಲ್ ಎಂಬಲ್ಲಿಗೆ ಹೋದರು. ಶಾಲೆಗೆ ಬೇಕಾದ ಸಾಮಗ್ರಿಯನ್ನು ಕೊಡದ ಊರಿನ ಮೇಯರನ ಮೇಲೆ ಮಕ್ಕಳು ದಂಗೆಯೆದ್ದು, ಕೊನೆಗೆ ತಾನು ಆತನನ್ನು ಕೊಂದಂತೆ ಒಬ್ಬ ಹುಡುಗನು ಕಂಡ ಕನಸು ಅಲ್ಲಿ ಅಚ್ಚಾಯಿತು. 1932ರ ಕೊನೆಯಲ್ಲಿ ವಿರೋಧಿಗಳು ಅದನ್ನೇ ಗೋಡೆಗಳಿಗೆ ಅಂಟಿಸಿ ಕೋಲಾಹಲವೆಬ್ಬಿಸಿದರು. ಅಂಥ ಕನಸನ್ನು ಮುದ್ರಿಸಬಹುದಾಗಿತ್ತೇ ಎಂದು ನಾನೂ ಅನುಮಾನಿಸಿದೆನು. ಆದರೆ ಹಿತವಾದುದನ್ನು ಮಾತ್ರ ಬರೆಯಬೇಕೆಂದು ಕಟ್ಟುಮಾಡಿದ್ದರೆ, ಮಕ್ಕಳು ಮತ್ತೆ ಪಠ್ಯಪುಸ್ತಕದ ಮಾತನ್ನೇ ಒಪ್ಪಿಸುತ್ತಿದ್ದರಲ್ಲವೇ? 1933ರಲ್ಲಿ ವರ್ಗದ ಆಜ್ಞೆ ಬಂದಿತು. ಫ್ರೆನೆಯವರು ಸರ್ಕಾರಿ ಶಾಲೆಯನ್ನು ಬಿಟ್ಟರು.

ಪತ್ನಿ ಎಲೀಸರೊಡನೆ ವಾನ್ಸ್ ಎಂಬಲ್ಲಿ 1935ರಲ್ಲಿ ಸ್ವಂತ ಶಾಲೆಯನ್ನು ತೆರೆದರು. 1940ರಲ್ಲಿ ಸರ್ಕಾರವು ಅವರನ್ನು ಬಂಧನ ಶಿಬಿರಕ್ಕೆ ಕಳುಹಿಸಿತು. ಯುದ್ಧ ಮುಗಿದ ಮೇಲೆ ಮರಳಿ ಬಂದು, ಅದೇ ಕೆಲಸವನ್ನು ಮುಂದುವರಿಸಿದರು. 1966ರ ಅಕ್ಟೋಬರ್ 8ರಂದು ವಾನ್ಸ್‌ನಲ್ಲಿಯೇ ತೀರಿಕೊಂಡರು. ಒಮ್ಮೆ ಅವರನ್ನು ಹೊರಗಾಗಿಸಿದ ಸರ್ಕಾರವೇ 1991ರಲ್ಲಿ ಆ ಶಾಲೆಯನ್ನು ತನ್ನದಾಗಿ ವಹಿಸಿಕೊಂಡಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿದ ಇಷ್ಟು ಪುಸ್ತಕಗಳಲ್ಲಿ ನಮ್ಮೂರಿನ ಹೆಸರನ್ನು ಒಮ್ಮೆಯೂ ಕಾಣಲಿಲ್ಲ. ನಾಳೆ ನಾನು ಉಪಾಧ್ಯಾಯನಾದರೆ, ಮುದ್ರಣಯಂತ್ರ ದೊರೆಯದಿದ್ದರೂ ಚಿಂತೆಯಿಲ್ಲ. ಮೊದಲ ಗಂಟೆಯಲ್ಲಿ ಪುಸ್ತಕವನ್ನು ತೆರೆಯುವ ಮುನ್ನ, ನಿನ್ನೆ ಊರಿನಲ್ಲಿ ಏನು ನಡೆಯಿತೆಂದು ಮಕ್ಕಳನ್ನು ಕೇಳುವೆನು.