ರತ್ನಾಕರವರ್ಣಿ: ಅಧಿಕಾರ ಮತ್ತು ಅಂಜಿಕೆ

ಕಲ್ಪನೆಯಲ್ಲಿ ಒಂದು ರಾಜ್ಯವನ್ನು ಕಟ್ಟುವ ಲೇಖಕನ ಎದುರಿಗೆ ಮೊದಲು ನಿಲ್ಲುವ ಪ್ರಶ್ನೆಯೊಂದಿದೆ. ಆ ರಾಜ್ಯದ ಜನರು ಆಳುವವನ ಮಾತನ್ನು ಕೇಳುವುದೇಕೆ? ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲನು 1949ರಲ್ಲಿ ಪ್ರಕಟಿಸಿದ ‘1984’ ಎಂಬ ಕಾದಂಬರಿಯಲ್ಲಿ ಸರ್ಕಾರವು ಪ್ರಜೆಯ ಮನಸ್ಸಿನೊಳಕ್ಕೂ ಭಯವನ್ನು ಬಿತ್ತಿ ಆಳುತ್ತದೆ. ಅದಕ್ಕೂ ಸುಮಾರು 400 ವರ್ಷ ಹಿಂದೆ ನಮ್ಮ ಮೂಡುಬಿದಿರೆಯ ಕವಿಯೊಬ್ಬನು ಬೇರೊಂದು ಬಗೆಯ ಆಳಿಕೆಯನ್ನು ಕಲ್ಪಿಸಿದನು. ಆತನೇ ರತ್ನಾಕರವರ್ಣಿ.

ರತ್ನಾಕರನು 16ನೆಯ ಶತಮಾನದವನು. ಹುಟ್ಟಿನಿಂದ ಕ್ಷತ್ರಿಯ, ಧರ್ಮದಿಂದ ಜೈನ. ಆತನ ‘ತ್ರಿಲೋಕಶತಕ’ದ ಕಾಲ 1557. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯು ಆತನ ಕಾಲಕ್ಕಾಗಲೇ ಊರಿನ ಹಿರಿಮೆಯಾಗಿತ್ತು. ಕಾರ್ಕಳದ ಗೊಮ್ಮಟನು 1432ರಿಂದಲೇ ಬಂಡೆಯ ಮೇಲೆ ನಿಂತಿದ್ದನು. ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟನು ಎದ್ದುನಿಂತದ್ದು ಮಾತ್ರ ಅನಂತರ, 1604ರಲ್ಲಿ. ಅಣ್ಣನನ್ನು ಗೆದ್ದೂ ರಾಜ್ಯವನ್ನು ಬಿಟ್ಟ ಬಾಹುಬಲಿಯನ್ನು ಕಲ್ಲಿನಲ್ಲಿ ಕಡೆದು ಪೂಜಿಸುವ ಈ ಸೀಮೆಯಲ್ಲಿ, ರತ್ನಾಕರನು ಸೋತ ಅಣ್ಣನಾದ ಭರತನನ್ನು ನಾಯಕನನ್ನಾಗಿ ಆರಿಸಿಕೊಂಡನು.

‘ಭರತೇಶವೈಭವ’ವು ಸಾಂಗತ್ಯದಲ್ಲಿ ರಚಿತವಾದ, 80 ಸಂಧಿಗಳ, ಹತ್ತಿರ ಹತ್ತಿರ 10,000 ಪದ್ಯಗಳ ಕಾವ್ಯ. ಭೋಗ, ದಿಗ್ವಿಜಯ, ಯೋಗ, ಅರ್ಕಕೀರ್ತಿ, ಮೋಕ್ಷ ಎಂಬ ಐದು ವಿಜಯಗಳಾಗಿ ಅದು ಹರಿಯುತ್ತದೆ. ಹಾಡಿಕೊಳ್ಳಲು ಬರುವ ತಿಳಿಗನ್ನಡವೇ ಅದರ ಸೊಗಸು.

ಪಂಪನು 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಎದುರಾಗುತ್ತಾರೆ. ಮೂರರಲ್ಲಿಯೂ ಸೋತ ಭರತನು ಸಿಟ್ಟಿನಿಂದ ಚಕ್ರರತ್ನವನ್ನು ತಮ್ಮನ ಮೇಲೆ ಬಿಡುತ್ತಾನೆ. ರತ್ನಾಕರನು ಈ ಸನ್ನಿವೇಶವನ್ನೇ ಬದಲಿಸಿದನು. ಆತನ ಕಾವ್ಯದಲ್ಲಿ ಕಾಳಗ ನಡೆಯುವುದೇ ಇಲ್ಲ. ಭರತನು ಮೃದುವಾದ ಮಾತುಗಳಿಂದ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಆ ಭರತನು ಬಲಹೀನನಲ್ಲ. ಸೇನೆಯೂ ಚಕ್ರವೂ ಆತನ ಕೈಯಲ್ಲಿಯೇ ಇವೆ. ಹೆದರಿಸಬಲ್ಲವನಾಗಿದ್ದರೂ ಆತನು ಹೆದರಿಸುವುದಿಲ್ಲ. ಆದರೂ ಬಾಹುಬಲಿ ಅರಮನೆಯಲ್ಲಿ ನಿಲ್ಲದೆ ತಪಸ್ಸಿಗೆ ಹೋಗುತ್ತಾನೆ. ಒಲವಿನ ಗೆಲುವಿಗೂ ಅಗಲಿಕೆಯ ಬೆಲೆಯುಂಟೆಂಬುದನ್ನು ಕವಿ ಮರೆಮಾಚಲಿಲ್ಲ.

ಇಂತಹ ಅರಸನನ್ನು ಕಂಡ ಕವಿಗೆ ಬದುಕಿನಲ್ಲಿ ಎದುರಾದ ಅಧಿಕಾರವು ಇಷ್ಟು ಮೃದುವಾಗಿರಲಿಲ್ಲ. 19ನೆಯ ಶತಮಾನದಲ್ಲಿ ದೇವಚಂದ್ರನು ‘ರಾಜಾವಳಿಕಥೆ’ಯಲ್ಲಿ ಈ ಐತಿಹ್ಯವನ್ನು ಬರೆದಿಟ್ಟಿದ್ದಾನೆ. ವಿಜಯಣ್ಣನೆಂಬ ಕವಿಯ ‘ದ್ವಾದಶಾನುಪ್ರೇಕ್ಷೆ’ಯನ್ನು ಆನೆಯ ಮೇಲೆ ಮೆರೆಸಿದರಂತೆ. ತನ್ನ ಕಾವ್ಯಕ್ಕೂ ಆ ಗೌರವ ಸಲ್ಲಲೆಂದು ರತ್ನಾಕರನು ಕೇಳಲು, ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆಯೆಂದು ಗುರುಪೀಠವು ಒಪ್ಪಲಿಲ್ಲವಂತೆ. ವಾದ ಬೆಳೆದು, ಶ್ರಾವಕರ ಮನೆಗಳಲ್ಲಿ ಅವನಿಗೆ ಅನ್ನವಿಕ್ಕಬಾರದೆಂಬ ಕಟ್ಟಾಯಿತಂತೆ. ರತ್ನಾಕರನು ಮುನಿದು ವೀರಶೈವನಾದನೆಂದೂ, ಮುಂದೆ ಮರಳಿ ಜೈನಮತಕ್ಕೆ ಬಂದನೆಂದೂ ಕಥೆಯಿದೆ.

ಈ ಕಥೆಯಲ್ಲಿ ಚರಿತ್ರೆಯೆಷ್ಟು, ಕಲ್ಪನೆಯೆಷ್ಟು ಎಂಬ ವಿಚಾರ ವಿದ್ವಾಂಸರಿಗಿರಲಿ. ಕತ್ತಿಯನ್ನು ಹಿರಿಯದೆಯೇ ಮನುಷ್ಯನನ್ನು ಅಂಜಿಸುವ ಬಗೆಯನ್ನು ಅದು ನಮಗೆ ತೋರಿಸುತ್ತದೆ. ನೆರೆಮನೆಯ ಬಾಗಿಲು ಮುಚ್ಚಿತೆಂದರೆ ಸಾಕು, ಒಂಟಿಯಾದವನು ತಾನಾಗಿಯೇ ಬಗ್ಗುತ್ತಾನೆ. ಹಾಗೆ ಬಾಗಿಲು ಮುಚ್ಚುವವರು ಅರಸರಲ್ಲ, ನಮ್ಮಂತಹ ಸಾಮಾನ್ಯರೇ. ಅವರೂ ಅಂಜಿಕೆಯಿಂದಲೇ ಹಾಗೆ ಮಾಡುತ್ತಾರೆ.

ಆನೆಯ ಮೇಲೇರದ ಆ ಕಾವ್ಯವು ಓಲೆಗರಿಗಳಲ್ಲಿ ಉಳಿದು, ಅಚ್ಚಾಗಿ, ಇಂದು ಕನ್ನಡ ತರಗತಿಗಳನ್ನು ಸೇರಿದೆ. ಬಂಟ್ವಾಳದಿಂದಲೋ ಬೆಳ್ತಂಗಡಿಯಿಂದಲೋ ಮೂಡುಬಿದಿರೆಗೆ ಹೋಗುವ ಸಹಪಾಠಿಗಳು ಬಸದಿಯ ಕಂಬಗಳನ್ನು ಎಣಿಸುವುದರ ಜೊತೆಗೆ, ಈ ಊರಿನ ಕವಿಯನ್ನೂ ನೆನೆಯಲಿ. ಗ್ರಂಥಾಲಯದಿಂದ ಆತನ ಕಾವ್ಯವನ್ನು ತಂದು, ಅಣ್ಣನು ತಮ್ಮನೊಡನೆ ಮಾತನಾಡುವ ಭಾಗವನ್ನಾದರೂ ಓದಲಿ.