ದುಡಿದು ದಣಿದವನಿಗೆ ದೊರೆತ ದಾನ

ಸಾಲದಲ್ಲಿ ಮುಳುಗಿದ ಬೇಸಾಯಗಾರನು ವರ್ಷವರ್ಷವೂ ಸಾಹುಕಾರನ ಹೊಲದಲ್ಲಿ ದುಡಿಯುವದನ್ನು ನಾವೆಲ್ಲರೂ ಕಂಡಿದ್ದೇವೆ. ಅವನು ದುಡಿದದ್ದೆಲ್ಲ ಬಡ್ಡಿಗೆ ಹೋಗುತ್ತದೆ. ಅಸಲು ಮಾತ್ರ ಹಾಗೆಯೇ ನಿಲ್ಲುತ್ತದೆ. ನಮ್ಮ ಸಭೆಗಳಲ್ಲಿಯೂ ಅನೇಕರು ದೇವರ ಸಂಗಡ ಇದೇ ರೀತಿಯಾಗಿ ಲೆಕ್ಕವಿಟ್ಟುಕೊಂಡು ಬಾಳುತ್ತಾರೆ. ಎತ್ತು ಸತ್ತರೆ, ಮಗುವಿಗೆ ಜ್ವರ ಬಂದರೆ, ತಾವು ಪ್ರಾರ್ಥನೆಯನ್ನು ಕಡಿಮೆಮಾಡಿದ್ದರಿಂದಲೇ ಹೀಗಾಯಿತೆಂದು ಒಳಗೊಳಗೇ ನಡುಗುತ್ತಾರೆ. ಉಪದೇಶಿಗಳಾದ ನಾವೂ ಈ ರೋಗದಿಂದ ತಪ್ಪಿಸಿಕೊಂಡವರಲ್ಲ. ತಿಂಗಳ ಕೊನೆಯಲ್ಲಿ ಎಷ್ಟು ಹಳ್ಳಿಗಳಿಗೆ ಹೋದೆವು, ಎಷ್ಟು ಸಾರಿ ಪ್ರಸಂಗ ಮಾಡಿದೆವು ಎಂದು ಎಣಿಸುತ್ತೇವೆ; ಲೆಕ್ಕ ಹೆಚ್ಚಾಗಿದ್ದರೆ ದೇವರು ಹತ್ತಿರವಿದ್ದಾನೆಂದೂ ಕಡಿಮೆಯಾಗಿದ್ದರೆ ದೂರವಾದನೆಂದೂ ಭಾವಿಸುತ್ತೇವೆ. ಈ ಲೆಕ್ಕದ ಕೆಲಸದಲ್ಲಿ ನಮ್ಮೆಲ್ಲರನ್ನೂ ಮೀರಿಸಿದ್ದ ಒಬ್ಬ ಭಕ್ತನು ಇಂಗ್ಲೆಂಡ್ ದೇಶದಲ್ಲಿದ್ದನು. ಅವನು ಜಾನ್ ವೆಸ್ಲಿಯು. ಅವನ ಲೆಕ್ಕದ ಪುಸ್ತಕವು ಹೇಗೆ ಮುಚ್ಚಲ್ಪಟ್ಟಿತೆಂಬದನ್ನು ಈ ತಿಂಗಳು ಹೇಳಬೇಕೆಂದಿದ್ದೇವೆ.

ವೆಸ್ಲಿಯು 1703ನೇ ಇಸವಿಯಲ್ಲಿ ಲಿಂಕನ್‌ಷೈರ್ ಸೀಮೆಯ ಎಪ್‌ವರ್ತ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯಾದ ಸಾಮುವೇಲ್ ವೆಸ್ಲಿಯು ಆ ಊರಿನ ಸಭೆಯ ಬೋಧಕನು. ತಾಯಿಯಾದ ಸುಸನ್ನಳು 19 ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಎಳೆತನದಲ್ಲಿಯೇ ಮಣ್ಣಿಗೆ ಕೊಟ್ಟವಳು. 1709ರ ಫೆಬ್ರವರಿ ತಿಂಗಳ ಒಂದು ರಾತ್ರಿ ಅವರ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಓಡಿಬಂದ ಮೇಲೆ, ಐದು ವರುಷದ ಜಾನನು ಮಹಡಿಯ ಕೋಣೆಯಲ್ಲಿಯೇ ಉಳಿದಿದ್ದಾನೆಂದು ತಿಳಿದುಬಂತು. ಏಣಿ ತರುವಷ್ಟು ಸಮಯವಿರಲಿಲ್ಲ. ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ಹತ್ತಿ ನಿಂತು, ಕಿಟಕಿಯಿಂದ ಹುಡುಗನನ್ನು ಎತ್ತಿಕೊಂಡನು. ಆ ಕ್ಷಣದಲ್ಲಿಯೇ ಮಾಡು ಕುಸಿದು ಬಿತ್ತು. ಉರಿಯಿಂದ ಉಳಿದ ಈ ಮಗನ ಆತ್ಮದ ವಿಷಯದಲ್ಲಿ ವಿಶೇಷ ಎಚ್ಚರಿಕೆಯಿಂದಿರಬೇಕೆಂದು ತಾಯಿಯು ನಿಶ್ಚಯಿಸಿಕೊಂಡಳು.

ಆ ರಾತ್ರಿ ಹುಡುಗನು ತನ್ನ ರಕ್ಷಣೆಗೆ ಏನು ಮಾಡಿದನು? ಕಿಟಕಿಯ ಹತ್ತಿರ ಬಂದು ನಿಂತನು; ಬೇರೊಬ್ಬನ ಕೈಗಳು ಅವನನ್ನು ಎತ್ತಿಕೊಂಡವು. ಈ ಪಾಠವನ್ನು ತನ್ನ ಆತ್ಮದ ವಿಷಯದಲ್ಲಿ ಕಲಿಯುವದಕ್ಕೆ ಅವನಿಗೆ ಇನ್ನೂ 29 ವರುಷಗಳು ಬೇಕಾದವು.

1720ರಲ್ಲಿ ಅವನು ಆಕ್ಸ್‌ಫರ್ಡಿನ ವಿದ್ಯಾಶಾಲೆಯನ್ನು ಸೇರಿದನು. 1725ರಲ್ಲಿ ಸಭಾಸೇವೆಗೆ ಅಭಿಷೇಕ ಹೊಂದಿದನು. 1726ರಲ್ಲಿ ಲಿಂಕನ್ ಕಾಲೇಜಿನಲ್ಲಿ ಅಧ್ಯಾಪಕ ಪದವಿಗೆ ಬಂದನು. ಈ ಕಾಲದಲ್ಲಿಯೇ ದಿನಚರಿಯನ್ನು ಬರೆಯತೊಡಗಿ, ಗಳಿಗೆ ಗಳಿಗೆಯ ಲೆಕ್ಕವನ್ನು ಅದರಲ್ಲಿ ಇಟ್ಟನು. 1729ರಲ್ಲಿ ತನ್ನ ತಮ್ಮನಾದ ಚಾರ್ಲ್ಸನನ್ನೂ ಇನ್ನು ಕೆಲವು ಸ್ನೇಹಿತರನ್ನೂ ಕೂಡಿಕೊಂಡನು. ಇವರು ನಸುಕಿನಲ್ಲಿ ಏಳುವರು; ಬುಧವಾರ ಶುಕ್ರವಾರಗಳಲ್ಲಿ ಉಪವಾಸವಿರುವರು; ಸೆರೆಮನೆಗೆ ಹೋಗಿ ಕೈದಿಗಳನ್ನು ಸಂತೈಸುವರು; ಬಡಮಕ್ಕಳಿಗೆ ಅಕ್ಷರ ಕಲಿಸುವರು. ಪಟ್ಟಣದ ವಿದ್ಯಾರ್ಥಿಗಳು ಇವರನ್ನು ಮೆಥೊಡಿಸ್ಟರು, ಅಂದರೆ ಕಟ್ಟುನಿಟ್ಟಾದ ಕ್ರಮದವರು ಎಂದು ಹಾಸ್ಯಮಾಡಿದರು. ಕೆಲಸಗಳೇನೋ ಒಳ್ಳೆಯವೇ. ಆದರೆ ಅವುಗಳನ್ನು ಮಾಡಿದಷ್ಟೂ ವೆಸ್ಲಿಯ ಮನಸ್ಸು ಸಾಕೆನ್ನಲಿಲ್ಲ. ಒಂದು ಉಪವಾಸವು ಇನ್ನೊಂದನ್ನು ಕೇಳಿತು. ಒಂದು ನಿಯಮವು ಹತ್ತು ನಿಯಮಗಳನ್ನು ಹೆತ್ತಿತು.

ಕಡೆಗೆ ಅವನು ಅಮೆರಿಕದ ಜಾರ್ಜಿಯ ಸೀಮೆಯ ಮೂಲನಿವಾಸಿಗಳಿಗೆ ಸುವಾರ್ತೆಯನ್ನು ಸಾರಬೇಕೆಂದು 1735ರ ಅಕ್ಟೋಬರಿನಲ್ಲಿ ಹಡಗು ಹತ್ತಿದನು. ಹಾಗೆ ಹೋಗುವದರಲ್ಲಿ ತನ್ನ ಆತ್ಮವನ್ನು ಕಾಪಾಡಿಕೊಳ್ಳುವ ಆಶೆಯೇ ಮುಖ್ಯವಾಗಿತ್ತೆಂದು ಅವನೇ ಒಪ್ಪಿಕೊಂಡಿದ್ದನು. ಆ ಹಡಗಿನಲ್ಲಿ ಮೊರಾವಿಯ ಸಭೆಗೆ ಸೇರಿದ ಜರ್ಮನಿಯವರೂ ಇದ್ದರು. ಅವರು ಬೇರೆಯವರು ಒಲ್ಲದ ಕೀಳು ಕೆಲಸಗಳನ್ನು ಸಂತೋಷದಿಂದ ಮಾಡುವರು. ಯಾರಾದರೂ ನೂಕಿದರೂ ಹೊಡೆದರೂ ಎದುರುಮಾತಾಡದೆ ಸರಿದುಹೋಗುವರು. 1736ರ ಜನವರಿ 25ರ ಸಂಜೆ ಅವರು ಕೀರ್ತನೆ ಹಾಡುತ್ತಿರುವಾಗಲೇ ಸಮುದ್ರವು ಉಕ್ಕಿ, ದೊಡ್ಡ ಹಾಯಿಯು ಹರಿದು, ನೀರು ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷರು ಭಯದಿಂದ ಕಿರಿಚಿಕೊಂಡರು. ಜರ್ಮನಿಯವರು ಒಂದು ಸಾರಿ ತಲೆಯೆತ್ತಿ ನೋಡಿ, ಹಾಡನ್ನು ನಿಲ್ಲಿಸದೆ ಮುಂದುವರಿಸಿದರು. ಆಮೇಲೆ ವೆಸ್ಲಿಯು ಅವರಲ್ಲೊಬ್ಬನನ್ನು ವಿಚಾರಿಸಲಾಗಿ, ತಮ್ಮ ಹೆಂಗಸರೂ ಮಕ್ಕಳೂ ಸಹ ಸಾಯುವದಕ್ಕೆ ಹೆದರುವವರಲ್ಲವೆಂದು ಅವನು ಮೆಲ್ಲಗೆ ಉತ್ತರಕೊಟ್ಟನು. ವೆಸ್ಲಿಯಾದರೋ ಹೆದರಿದ್ದನು. ಅಷ್ಟೊಂದು ಉಪವಾಸಗಳಿಂದ ಸಿಕ್ಕದ ಸಮಾಧಾನವು ಈ ಸಾಮಾನ್ಯ ಜನರಿಗೆ ಹೇಗೆ ಸಿಕ್ಕಿತೆಂಬ ಪ್ರಶ್ನೆಯು ಅವನ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು.

ದಡ ಸೇರಿದ ಮೇಲೆ ಸ್ಪಾಂಗೆನ್‌ಬರ್ಗ್ ಎಂಬ ಮೊರಾವಿಯ ಬೋಧಕನು, ಯೇಸು ಕ್ರಿಸ್ತನನ್ನು ಬಲ್ಲೆಯಾ ಎಂದು ಅವನನ್ನು ಕೇಳಿದನು. ಆತನು ಲೋಕರಕ್ಷಕನೆಂದು ಬಲ್ಲೆನೆಂದು ವೆಸ್ಲಿಯು ಹೇಳಿದನು. ಅದು ನಿಜವೇ, ಆದರೆ ನಿನ್ನನ್ನು ರಕ್ಷಿಸಿದ್ದಾನೆಂದು ಬಲ್ಲೆಯಾ ಎಂದು ಆ ಬೋಧಕನು ಮತ್ತೆ ಕೇಳಿದನು. ವೆಸ್ಲಿಯು ಹೇಗೋ ಹೌದೆಂದನು. ತನ್ನ ಮಾತು ಬರಿದಾದದ್ದೆಂಬ ಅನುಮಾನವನ್ನು ದಿನಚರಿಯಲ್ಲಿ ಬರೆದಿಟ್ಟನು.

ಜಾರ್ಜಿಯದ ಕೆಲಸವು ಕೆಟ್ಟಿತು. ಸಭೆಯವರ ಮೇಲೆ ತನ್ನ ನಿಯಮಗಳ ನೊಗವನ್ನೇ ಹೇರಿದನು. ತಾನು ಮದುವೆಯಾಗಲು ಯೋಚಿಸಿದ್ದ ಕನ್ಯೆಯು ಬೇರೊಬ್ಬನನ್ನು ಮದುವೆಯಾದ ತರುವಾಯ ಆಕೆಗೆ ಕರ್ತನ ಭೋಜನವನ್ನು ಕೊಡದೆ ಹಿಂದಕ್ಕೆ ಕಳುಹಿಸಿದ್ದರಿಂದ, ವ್ಯಾಜ್ಯವು ನ್ಯಾಯಸ್ಥಾನದ ವರೆಗೂ ಹೋಯಿತು. 1737ರ ಡಿಸೆಂಬರಿನಲ್ಲಿ ಅವನು ಆ ಸೀಮೆಯನ್ನು ಬಿಟ್ಟನು. ಪರರನ್ನು ತಿರುಗಿಸುವದಕ್ಕೆ ಹೋದ ತಾನೇ ಇನ್ನೂ ದೇವರ ಕಡೆಗೆ ತಿರುಗಿಲ್ಲವೆಂಬ ದುಃಖವನ್ನು ಹೊತ್ತುಕೊಂಡು, 1738ರ ಫೆಬ್ರವರಿ 1ರಂದು ಇಂಗ್ಲೆಂಡಿನ ದಡದಲ್ಲಿ ಇಳಿದನು.

ಆ ವಾರದಲ್ಲಿಯೇ ದೇವರು ಅವನಿಗೆ ಪೀಟರ್ ಬೋಲರ್ ಎಂಬ ಮೊರಾವಿಯದವನನ್ನು ಭೇಟಿಮಾಡಿಸಿದನು. ಇವನು 25 ವರುಷದ ಯೌವನಸ್ಥನು. ವೆಸ್ಲಿಗೆ ಆಗ 34. ದೊಡ್ಡ ಪಂಡಿತನು ಚಿಕ್ಕವನ ಮುಂದೆ ಶಿಷ್ಯನಂತೆ ಕೂತನು. ನಂಬಿಕೆಯೆಂಬದು ನಾವು ದೇವರಿಗೆ ಸಲ್ಲಿಸುವ ಇನ್ನೊಂದು ಕೆಲಸವಲ್ಲ, ಆತನು ಕೊಡುವ ದಾನವೆಂದು ಬೋಲರನು ಬೋಧಿಸಿದನು. ಇದನ್ನು ಒಪ್ಪಿಕೊಳ್ಳುವದು ವೆಸ್ಲಿಗೆ ಬಹಳ ಕಷ್ಟವಾಯಿತು. ಹುಟ್ಟಿದಂದಿನಿಂದ ದುಡಿದವನಿಗೆ ಕೈಚಾಚುವದು ನಾಚಿಕೆಯೇ ಸರಿ. ಕುಷ್ಠರೋಗಿಯಾದ ನಾಮಾನನಿಗೂ ಯೊರ್ದನಿನಲ್ಲಿ ಮುಳುಗುವ ಸುಲಭ ಕಾರ್ಯವೇ ಕಷ್ಟವಾಗಿ ತೋರಲಿಲ್ಲವೇ?

ಮೇ 21ರಂದು, ಪೆಂತೆಕೊಸ್ತ ಹಬ್ಬದ ದಿನದಲ್ಲಿ, ರೋಗದಿಂದ ಮಲಗಿದ್ದ ತಮ್ಮನಾದ ಚಾರ್ಲ್ಸನು ಸಮಾಧಾನವನ್ನು ಹೊಂದಿದನು. ಅಣ್ಣನ ಭಾರವು ಹಾಗೆಯೇ ಉಳಿಯಿತು. ಮೇ 24ರ ಬುಧವಾರ ಸಾಯಂಕಾಲ ಲಂಡನ್ ಪಟ್ಟಣದ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಕೂಡಿದ್ದ ಒಂದು ಚಿಕ್ಕ ಪ್ರಾರ್ಥನಾಕೂಟಕ್ಕೆ ಅವನು ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಒಬ್ಬನು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರನು ಬರೆದ ಪೀಠಿಕೆಯನ್ನು ಓದುತ್ತಿದ್ದನು. ಕ್ರಿಸ್ತನಲ್ಲಿಡುವ ನಂಬಿಕೆಯ ಮೂಲಕ ದೇವರು ಹೃದಯದಲ್ಲಿ ಮಾಡುವ ಬದಲಾವಣೆಯ ಸಂಗತಿಯನ್ನು ಅವನು ಓದುತ್ತಿರುವಾಗ, ರಾತ್ರಿ ಒಂಬತ್ತು ಗಂಟೆಗೆ ಸುಮಾರು ಕಾಲುಗಂಟೆ ಇರಲಾಗಿ, ವೆಸ್ಲಿಯ ಎದೆಯಲ್ಲಿ ಅಪೂರ್ವವಾದ ಬೆಚ್ಚನೆಯ ಭಾವವು ಉಂಟಾಯಿತು. ಕ್ರಿಸ್ತನೊಬ್ಬನನ್ನೇ ಆತುಕೊಂಡಿದ್ದೇನೆಂದೂ, ಆತನು ತನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆಂದೂ ಅವನಿಗೆ ನಿಶ್ಚಯವಾಯಿತು. ಆ ಗಳಿಗೆಯಲ್ಲಿ ಅವನು ಉಪವಾಸದಲ್ಲಿರಲಿಲ್ಲ, ಪ್ರಸಂಗ ಮಾಡುತ್ತಿರಲಿಲ್ಲ. ಬೇರೊಬ್ಬನು ಓದುವದನ್ನು ಸುಮ್ಮನೆ ಕೇಳುತ್ತಾ ಕೂತಿದ್ದನು. ಕೂಡಲೇ ತನ್ನನ್ನು ಪೀಡಿಸಿದವರಿಗೋಸ್ಕರ ಪ್ರಾರ್ಥಿಸತೊಡಗಿದನು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ನಾವು ವಾಚಕರಿಗೆ ಮೋಸಮಾಡಿದಂತಾಗುವದು. ಅದೇ ರಾತ್ರಿಯಲ್ಲಿ ಅವನಿಗೆ ಒಂದು ಸಂಶಯವು ಹುಟ್ಟಿತು. ಇದು ನಿಜವಾದ ನಂಬಿಕೆಯಾದರೆ ಉಕ್ಕುವ ಸಂತೋಷವೆಲ್ಲಿ ಎಂದು. ಸಮಾಧಾನವು ನಂಬಿಕೆಯ ಸಂಗಡ ಬರುವದಾದರೂ, ಸಂತೋಷದ ಉಕ್ಕನ್ನು ದೇವರು ತನ್ನ ಚಿತ್ತದಂತೆ ಕೊಡುವನು, ತಡೆಯುವನು ಎಂದು ಆಗ ಕಲಿತುಕೊಂಡನು. ಮುಂದಿನ ತಿಂಗಳುಗಳಲ್ಲಿಯೂ ಅವನು ಹಲವು ಸಾರಿ ಕಳವಳಪಟ್ಟನು. ಆದಕಾರಣ ಎದೆಯಲ್ಲಿ ಬಿಸಿ ಕಾಣುವದಿಲ್ಲವೆಂದು ಯಾರೂ ಎದೆಗುಂದಬಾರದು. ನಮ್ಮ ಭಾವನೆಗಳನ್ನು ಎಣಿಸುವದೂ ಲೆಕ್ಕವೇ. ಅದೂ ಹಳೇ ಸಾಹುಕಾರನ ಪುಸ್ತಕದ ಇನ್ನೊಂದು ಪುಟವೇ.

ಮತ್ತೊಂದು ತಪ್ಪು ದಾರಿಯೂ ಉಂಟು. ಲಂಡನಿನ ಮೊರಾವಿಯ ಸ್ನೇಹಿತರಲ್ಲಿ ಕೆಲವರು, ಪೂರ್ಣ ನಂಬಿಕೆ ಬರುವ ತನಕ ಪ್ರಾರ್ಥನೆ, ವೇದಪಾರಾಯಣ, ಕರ್ತನ ಭೋಜನ ಇವೆಲ್ಲವನ್ನೂ ಬಿಟ್ಟು ಸುಮ್ಮನಿರಬೇಕೆಂದು ಬೋಧಿಸತೊಡಗಿದರು. ವೆಸ್ಲಿಯು ಇದನ್ನು ಒಪ್ಪದೆ 1740ರಲ್ಲಿ ಅವರಿಂದ ಅಗಲಿದನು. ಕಾಲುವೆಯ ಹೂಳು ತೆಗೆಯುವವನು ಮಳೆಯನ್ನು ಬರಮಾಡಲಾರನು. ಆದರೂ ಕೆರೆಯ ನೀರು ಹೊಲಕ್ಕೆ ಬರಬೇಕಾದರೆ ಕಾಲುವೆಯು ತೆರೆದಿರಬೇಕು. ಪ್ರಾರ್ಥನೆಯೂ ವೇದವೂ ಹಾಗೆಯೇ. ಅವು ಕೃಪೆಗೆ ತೆರುವ ಬೆಲೆಯಲ್ಲ, ಕೃಪೆಯು ಹರಿದುಬರುವ ಕಾಲುವೆಗಳು.

ದಾನವನ್ನು ಹೊಂದಿದವನು ಸೋಮಾರಿಯಾಗಲಿಲ್ಲ. 1739ರ ಏಪ್ರಿಲ್ 2ರಂದು ಬ್ರಿಸ್ಟಲ್ ಪಟ್ಟಣದ ಹತ್ತಿರ ಬೈಲಿನಲ್ಲಿ ನಿಂತು ಬಡವರಿಗೆ ಸುವಾರ್ತೆಯನ್ನು ಸಾರಿದನು. ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಅಗೆಯುವವರ ಬಳಿಗೂ ಹೋದನು. ಅಲ್ಲಿಂದ 50 ವರುಷಗಳಿಗೂ ಮೇಲ್ಪಟ್ಟು, ಬಹುಕಾಲ ಕುದುರೆಯ ಮೇಲೆ, ದೇಶವನ್ನೆಲ್ಲ ಸುತ್ತಿದನು. ಮೊದಲು ಅವನು ಮಗನಾಗಬೇಕೆಂದು ದುಡಿದನು. ಈಗ ಮಗನಾದ್ದರಿಂದ ದುಡಿದನು. ಮುದುಕನಾದ ಮೇಲೆ ತನ್ನ ದಿನಚರಿಯನ್ನು ಮತ್ತೆ ಅಚ್ಚುಹಾಕಿಸುವಾಗ, 1738ಕ್ಕೆ ಮುಂಚೆಯೂ ತನ್ನಲ್ಲಿ ಆಳಿನ ನಂಬಿಕೆಯಾದರೂ ಇತ್ತು, ಮಗನ ನಂಬಿಕೆಯು ಮಾತ್ರ ಇರಲಿಲ್ಲವೆಂದು ತಿದ್ದುಪಡಿಯನ್ನು ಸೇರಿಸಿದನು. ದುಂದುಗಾರ ಮಗನ ಸಾಮ್ಯದಲ್ಲಿ ಹಿರಿಯ ಮಗನು ತಂದೆಯ ಮನೆಯಲ್ಲಿಯೇ ಇದ್ದು ಆಳಿನಂತೆ ಲೆಕ್ಕ ಹಾಕಲಿಲ್ಲವೇ? ನಮ್ಮ ಸಭೆಗಳಲ್ಲಿ ಈ ಹಿರಿಯ ಮಕ್ಕಳೇ ಹೆಚ್ಚು.

1783ರಲ್ಲಿ ಬ್ರಿಸ್ಟಲಿನಲ್ಲಿ ಅವನು ಕಠಿಣ ರೋಗದಿಂದ ಮಲಗಿದನು. ಅಷ್ಟು ವರುಷಗಳ ಸೇವೆಯನ್ನೆಲ್ಲ ತಿರುಗಿ ನೋಡಿ, ದೇವರ ಮುಂದೆ ಹಿಡಿದು ತೋರಿಸುವದಕ್ಕೆ ಅದರಲ್ಲಿ ಒಂದೂ ಇಲ್ಲವೆಂದೂ, ಪಾಪಿಯಾದ ತನಗೋಸ್ಕರ ಯೇಸು ಸತ್ತನೆಂಬದೊಂದೇ ತನ್ನ ಆಧಾರವೆಂದೂ ಹತ್ತಿರವಿದ್ದವನಿಗೆ ತಿಳಿಸಿದನು. ಆ ರೋಗದಿಂದ ಎದ್ದು ಇನ್ನೂ ಕೆಲವು ವರುಷ ದುಡಿದನು. 1791ರ ಫೆಬ್ರವರಿಯಲ್ಲಿ, ಸಾಯುವದಕ್ಕೆ ಕೆಲವೇ ದಿನಗಳ ಮುಂಚೆ, ಗುಲಾಮರ ವ್ಯಾಪಾರವನ್ನು ಎದುರಿಸುತ್ತಿದ್ದ ವಿಲ್ಬರ್‌ಫೋರ್ಸನಿಗೆ ಧೈರ್ಯಹೇಳಿ ಪತ್ರ ಬರೆದನು. ಮಾರ್ಚ್ 2ರಂದು, 87 ವರುಷದವನಾಗಿ, ಲಂಡನಿನಲ್ಲಿ ದೇವರ ಬಳಿಗೆ ಸೇರಿದನು. ಅವನ ಹಿಂಬಾಲಕರಾದ ಮಿಷನೆರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೂ ಬಂದರು; ಅವರು ನೆಟ್ಟ ಸಭೆಗಳು 1947ರಲ್ಲಿ ದಕ್ಷಿಣ ಇಂಡ್ಯ ಐಕ್ಯಸಭೆಯಲ್ಲಿ ಕೂಡಿದವು.

ಪ್ರಿಯರೇ, ಸಾಹುಕಾರನು ಸಾಲದ ಪತ್ರವನ್ನು ಹರಿದುಹಾಕಿದ ಮೇಲೂ ಬಡ್ಡಿ ಕಟ್ಟುವದಕ್ಕೆ ಹೋಗುವ ಬೇಸಾಯಗಾರನನ್ನು ನಾವು ಏನೆನ್ನುವೆವು? ಮುಂದಿನ ಸಾರಿ ಕರ್ತನ ಭೋಜನಕ್ಕೆ ಹೋಗುವಾಗ ನಮ್ಮ ಕೈಗಳನ್ನು ನೋಡಿಕೊಳ್ಳೋಣ. ನೇಗಿಲು ಹಿಡಿದು ಕಾಯಿಗಟ್ಟಿದ ಕೈಗಳೇ ಅವು. ಆ ಹೊತ್ತಿನಲ್ಲಿ ಮಾತ್ರ ಅವುಗಳಿಗೆ ಯಾವ ಕೆಲಸವೂ ಇಲ್ಲ. ಅವು ಬರಿದಾಗಿ ತೆರೆದಿರುತ್ತವೆ. ರೊಟ್ಟಿಯು ಅವುಗಳಲ್ಲಿ ಇಡಲ್ಪಡುತ್ತದೆ. ಹಾಗೆಯೇ ನಮ್ಮ ಹೃದಯಗಳೂ ತೆರೆದಿರುವಂತೆ ದೇವರು ನಮಗೆಲ್ಲರಿಗೂ ಕೃಪೆಮಾಡಲಿ.