ಕನ್ನಂಬಾಡಿಯ ಕಟ್ಟೆಯೂ ಕೆಲಸಗಾರರ ಕೈಯೂ
(ಸರ್ ಎಂ. ವಿಶ್ವೇಶ್ವರಯ್ಯನವರ ಜೀವನಸ್ಮರಣೆ)

ಮಂಗಳೂರಿನಲ್ಲಿ ಮನೆಯನ್ನಾಗಲಿ ಶಾಲೆಯನ್ನಾಗಲಿ ಕಟ್ಟಿಸಿದವರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯೊಂದಿದೆ. ದೀಪಾವಳಿಯ ತರುವಾಯ ಮೊದಲಿಟ್ಟ ಕೆಲಸವು ಮುಂಗಾರಿಗೆ ಮುನ್ನ ಮಾಡಿನವರೆಗೆ ಏರಬೇಕು. ನಡುವೆ ಮೇಸ್ತ್ರಿ ಬದಲಾದರೆ, ಗಾರೆಯವರು ಊರಿಗೆ ಹೋಗಿ ಹಿಂದಿರುಗದಿದ್ದರೆ, ಕಲ್ಲೂ ಹಣವೂ ಸಿದ್ಧವಿದ್ದರೂ ಗೋಡೆ ನಿಂತಲ್ಲಿಯೇ ನಿಲ್ಲುತ್ತದೆ. 2020ರಲ್ಲಿ ಮಹಾಮಾರಿಯ ದಿಗ್ಬಂಧನವಾದಾಗ ಬಾಗಲಕೋಟೆ, ಕೊಪ್ಪಳ, ರಾಯಚೂರು ಮುಂತಾದ ಕಡೆಗಳಿಂದಲೂ ಉತ್ತರದೇಶದ ರಾಜ್ಯಗಳಿಂದಲೂ ಬಂದಿದ್ದ ಕಾರ್ಮಿಕರು ತಮ್ಮ ತಮ್ಮ ಊರುಗಳಿಗೆ ತೆರಳಿದರು. ಅರ್ಧಕ್ಕೆ ನಿಂತ ಕಟ್ಟಡಗಳು ಆ ಮಳೆಗಾಲವಿಡೀ ನೆನೆದುವು. ಕಟ್ಟುವ ಕೆಲಸದ ಅವಧಿಯನ್ನು ನಿರ್ಣಯಿಸುವುದು ಕೆಲಸಗಾರರ ಸ್ಥಿರತೆ ಎಂಬ ಮಾತು ಅಂದು ಎಲ್ಲರಿಗೂ ಮನವರಿಕೆಯಾಯಿತು. ಒಂದು ಶತಮಾನಕ್ಕೂ ಹಿಂದೆ ಇದೇ ಸಮಸ್ಯೆಯನ್ನು ಕಾವೇರಿಯ ಪಾತ್ರದಲ್ಲಿ ನಿಂತು ಎದುರಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬಡತನದಲ್ಲಿ ಬೆಳೆದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವೀಧರನಾಗಿ, ಪುಣೆಯಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತು, 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದನು. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ನೀರಿನ ಏರ್ಪಾಡು, ಪುಣೆಯ ಬಳಿ ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, 1908ರ ಮೂಸಿ ನದಿಯ ಪ್ರವಾಹದಿಂದ ಹಾಳಾದ ಹೈದರಾಬಾದಿನ ರಕ್ಷಣೆಯ ಯೋಜನೆ ಇವೆಲ್ಲ ಅವರ ಕೀರ್ತಿಯನ್ನು ಹಬ್ಬಿಸಿದುವು. 1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ಸ್ವದೇಶಕ್ಕೆ ಮರಳಿದರು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದಲೇ ವಿದ್ಯುತ್ತು ಹರಿಯುತ್ತಿದ್ದಿತು. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾದಾಗ ಯಂತ್ರಗಳೂ ಬಡವಾಗುತ್ತಿದ್ದುವು. ಮಂಡ್ಯದ ಸೀಮೆಯಾದರೋ ನದಿಯ ಮಗ್ಗುಲಿನಲ್ಲಿದ್ದೂ ಬಾಯಾರಿ ಬಳಲುತ್ತಿದ್ದಿತು. ಕನ್ನಂಬಾಡಿಯಲ್ಲಿ ನದಿಗೆ ಅಡ್ಡಲಾಗಿ 124 ಅಡಿ ನೀರು ನಿಲ್ಲುವಂತಹ ಕಟ್ಟೆಯನ್ನು ಕಟ್ಟುವುದೇ ಇದಕ್ಕೆ ಪರಿಹಾರವೆಂದು ವಿಶ್ವೇಶ್ವರಯ್ಯನವರು ಪ್ರತಿಪಾದಿಸಿದರು. ವೆಚ್ಚವು ಅತಿಯಾಯಿತೆಂಬ ಆಕ್ಷೇಪಗಳನ್ನು ದಾಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆಯಿಂದ 1911ರಲ್ಲಿ ಕೆಲಸ ಮೊದಲಾಯಿತು. ಮದರಾಸು ಸರಕಾರದ ತಕರಾರಿನ ಕಾರಣ ಮೊದಲನೆಯ ಹಂತದಲ್ಲಿ 80 ಅಡಿಗೆ ಮಾತ್ರ ಅನುಮತಿ ದೊರೆಯಿತು. ಆದರೂ ಮುಂದಿನ ಎತ್ತರವನ್ನು ಹೊರಬಲ್ಲ ಅಡಿಪಾಯವನ್ನೇ ಅವರು ಹಾಕಿಸಿದುದು ದೂರದೃಷ್ಟಿಗೆ ನಿದರ್ಶನ. 1912ರಲ್ಲಿ ದಿವಾನರಾದ ಮೇಲೆಯೂ ಕಟ್ಟೆಯ ಚಿಂತೆ ಅವರನ್ನು ಬಿಡಲಿಲ್ಲ. ಗಣಿಗಳಿಗೆ ಅಧಿಕ ವಿದ್ಯುತ್ತನ್ನು ಒದಗಿಸುವೆವೆಂದು ಕೊಟ್ಟ ಮಾತಿಗೆ 1915ರ ಮಳೆಗಾಲವೇ ಗಡುವಾಗಿದ್ದಿತು.

ಈ ಗಡುವಿನ ಬಿಗಿಯನ್ನು ಅರಿಯಬೇಕಾದರೆ ಕೆಲಸದ ರೀತಿಯನ್ನು ತಿಳಿಯಬೇಕು. ಆಗ ಸಿಮೆಂಟನ್ನು ಹೊರದೇಶದಿಂದ ತರಿಸುವುದು ಬಲು ದುಬಾರಿ. ಆದುದರಿಂದ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯಿಂದ 8600 ಅಡಿ ಉದ್ದದ ಕಲ್ಲುಕಟ್ಟೆಯನ್ನು ಎಬ್ಬಿಸಬೇಕಾಯಿತು. ಇಂತಹ ಕೆಲಸ ಒಂದು ಸರಪಳಿ. ಕಲ್ಲು ಒಡೆಯುವವನು, ಸಾಗಿಸುವವನು, ಇಟ್ಟಿಗೆ ಸುಡುವವನು, ಗಾರೆ ಅರೆಯುವವನು, ಕಲ್ಲು ಕೂಡಿಸುವವನು, ಇವರಲ್ಲಿ ಒಬ್ಬನು ತಪ್ಪಿದರೂ ಉಳಿದವರು ಕೈಕಟ್ಟಿ ಕೂರಬೇಕು. ಹೊಸಬನು ಬಂದರೆ ಗಾರೆಯ ಹದವನ್ನೂ ಕಲ್ಲಿನ ಸಂದನ್ನೂ ಅರಿಯುವ ತನಕ ಹಳಬನ ಅರ್ಧದಷ್ಟೂ ಸಾಗದು. ಅವನಿಗೆ ಕಲಿಸುವ ಹಳಬನ ಕೆಲಸವೂ ಅಷ್ಟು ಹಿಂದೆ ಬೀಳುತ್ತದೆ. ನದಿಯ ಪಾತ್ರದಲ್ಲಿಯಾದರೋ ನೀರು ಇಳಿದ ಕೆಲವೇ ತಿಂಗಳು ಕೆಲಸಕ್ಕೆ ಅನುಕೂಲ. ಆಗ ಹೋದ ಒಂದು ವಾರವು ಮುಂದಿನ ಬೇಸಗೆಯ ತನಕ ಮರಳಿ ಬಾರದು.

ಸುಮಾರು ಹತ್ತು ಸಾವಿರ ಜನ ದುಡಿಯುತ್ತಿದ್ದ ಆ ಸ್ಥಳಕ್ಕೆ ಮಲೇರಿಯಾ ಜ್ವರ ಹೊಕ್ಕಿತು. ಹಲವರು ಹಾಸಿಗೆ ಹಿಡಿದರು. ಹಲವರು ಕೆಲಸ ಬಿಟ್ಟು ಹೋದರು. 1990ರ ದಶಕದಿಂದೀಚೆಗೆ ಈ ಜ್ವರದ ಉಪದ್ರವವನ್ನು ಕಟ್ಟಡಗಳ ನೆಲೆಯಲ್ಲಿಯೇ ಹೆಚ್ಚಾಗಿ ಕಂಡ ಮಂಗಳೂರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ಎದೆಗುಂದಲಿಲ್ಲ. ಬರಿದಾದ ಸ್ಥಾನಗಳಿಗೆ ಬೇರೆಯವರನ್ನು ಕೂಡಿಸಿದರು. ದೊಡ್ಡ ದೀಪಗಳನ್ನು ಉರಿಸಿ ರಾತ್ರಿಯೂ ಕೆಲಸ ನಡೆಯುವಂತೆ ಮಾಡಿದರು. 1915ರ ಮಳೆಗಾಲಕ್ಕೆ ಕಟ್ಟೆಯು ಅಂದಿಗೆ ಬೇಕಾದ ಎತ್ತರವನ್ನು ಮುಟ್ಟಿತು. ಕೊಟ್ಟ ಮಾತು ಉಳಿಯಿತು.

ಆದರೆ ಆ ಮಾತಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯುವುದು ಧರ್ಮವಲ್ಲ. ಜ್ವರದಲ್ಲಿ ನರಳಿದವರ ಹೆಸರುಗಳು ಯಾವ ಶಿಲೆಯ ಮೇಲೂ ಮೂಡಲಿಲ್ಲ. ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ತಮ್ಮ ಮನೆಮಾರುಗಳನ್ನು ಬಿಟ್ಟು ಹೋದರು. ಬೇರೆ ಕೈಗಳನ್ನು ತಂದು ಗಡುವನ್ನು ಉಳಿಸಿಕೊಳ್ಳುವುದು ಆಪತ್ಕಾಲದ ಉಪಾಯವಾದೀತು. ದುಡಿವ ಕೈಗಳು ನಿಲ್ಲುವಂತೆ ಮಾಡುವುದೇ ನಿತ್ಯದ ನೀತಿ. ದೃಢವಾದ ಆರೋಗ್ಯ, ಸರಿಯಾದ ಕೂಲಿ, ತಂಗಲು ನೆಲೆ, ಕೈಗೆ ವಿದ್ಯೆ ಈ ನಾಲ್ಕು ಇದ್ದೆಡೆ ಕೆಲಸಗಾರನು ನಿಲ್ಲುತ್ತಾನೆ. ಅವನು ನಿಂತೆಡೆ ಕೆಲಸವು ಕಾಲಕ್ಕೆ ಮುಗಿಯುತ್ತದೆ.

ಈ ನಾಲ್ಕರಲ್ಲಿ ಕೈಗೆ ವಿದ್ಯೆಯ ವಿಷಯದಲ್ಲಿ ವಿಶ್ವೇಶ್ವರಯ್ಯನವರು ಮಾಡಿದ ಸೇವೆ ಅನುಪಮವಾದುದು. ಅವರ ದಿವಾನಗಿರಿಯಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ವಹಿಸಿಕೊಂಡು, ನಷ್ಟದಲ್ಲಿದ್ದ ಅದನ್ನು ಎತ್ತಿ ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಮನೆಗೆ ಒಯ್ಯದೆ ವೃತ್ತಿಶಿಕ್ಷಣದ ಸಂಸ್ಥೆಯೊಂದಕ್ಕೆ ಮೀಸಲಿಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದರ ಫಲ. ದಾನಿಗಳಾದವರು ಮನನ ಮಾಡತಕ್ಕ ಸಂಗತಿಯಿದು.

ಅಭಿಪ್ರಾಯಭೇದದಿಂದ 1918ರಲ್ಲಿ ಅವರು ದಿವಾನ ಪದವಿಯನ್ನು ತ್ಯಜಿಸಿದರು. ಆದರೂ ಕಟ್ಟೆಯ ಕೆಲಸ ಕೆಡಲಿಲ್ಲ. 1924ರ ಒಪ್ಪಂದದಿಂದ ಮದರಾಸಿನೊಡನೆ ವ್ಯಾಜ್ಯ ತೀರಿ, 1931ರ ವೇಳೆಗೆ ಕಟ್ಟೆ ಪೂರ್ಣವಾಯಿತು. ಮೊದಲೇ ಹಾಕಿಸಿದ ಅಡಿಪಾಯದ ಮೇಲೆಯೇ ಅದು ಏರಿ ನಿಂತಿತು. ನಮ್ಮ ಪಣಂಬೂರಿನ ಬಂದರಿನ ಕಥೆಯೂ ಹೀಗೆಯೇ. ಅದಕ್ಕಾಗಿ ಹೆಣಗಿದ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲಿ ತೀರಿಕೊಂಡರು. ಬಂದರು 1975ರಲ್ಲಿ ಲೋಕಾರ್ಪಣೆಯಾಯಿತು. ಮುಂದಾಳು ಹೋದರೂ ಕೆಲಸ ನಡೆಯುವುದು, ಕೆಲಸ ಬಲ್ಲವರು ಉಳಿದಿದ್ದಾಗ ಮಾತ್ರ.

1955ರಲ್ಲಿ ಭಾರತರತ್ನ ಪ್ರಶಸ್ತಿಯಿಂದ ಭೂಷಿತರಾದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ಸಾರ್ಥಕ ಬಾಳನ್ನು ಬಾಳಿ 1962ರ ಏಪ್ರಿಲಿನಲ್ಲಿ ಕಾಲವಶರಾದರು. ಕಾಯಕದ ಹಿರಿಮೆಯನ್ನು ಮಕ್ಕಳಿಗೆ ಬೋಧಿಸುವ ನಾವು ಆ ಕಾಯಕವನ್ನು ಮಾಡುವವನ ಬಾಳನ್ನೂ ನೋಡಿಕೊಳ್ಳಬೇಕು. ಶಾಲೆಯೊಂದರ ಗೋಡೆ ಏರುತ್ತಿರುವಲ್ಲಿ ಮೇಸ್ತ್ರಿಯ ಲೆಕ್ಕವನ್ನು ಕೇಳುವ ಮುನ್ನ, ಕಲ್ಲು ಹೊರುವವಳ ಕೂಸಿಗೆ ನೆರಳಿದೆಯೇ ಎಂದು ಒಮ್ಮೆ ನೋಡೋಣ. ಕನ್ನಂಬಾಡಿಯಲ್ಲಿ ಹೆಸರಿಲ್ಲದೆ ದುಡಿದವರ ಋಣವನ್ನು ಅಷ್ಟರಮಟ್ಟಿಗಾದರೂ ತೀರಿಸಿದಂತಾದೀತು.